ಮೊದಲೇ ಬೆಂದ ಚೂರು

ಬೆಳಿಗ್ಗೆ ಲ್ಯಾಬಿನಲ್ಲಿ ಪರೀಕ್ಷೆಗೆಂದು ಭಾವ ಲೋಟದಿಂದ ಕತ್ತರಿಸಿ ಕೊಟ್ಟ ಚೂರು ಮೇಜಿನಡಿ ಉರುಳಿ ಸಿಗದೇ ಹೋಯಿತು. ಅವಳು ಪೆಟ್ಟಿಗೆಯಿಂದ ತಾನೇ ಒಂದು ಲೋಟ ತೆಗೆದು, ಚೂರು ಕತ್ತರಿಸಿ, ಕಾಯಿಸುತ್ತಾ ಗೆರೆ ಎಳೆಯುವ ಯಂತ್ರಕ್ಕೆ ಹಾಕಿದಳು. ಮಧ್ಯಾಹ್ನ, ಕಳೆದುಹೋಗಿದ್ದ ಚೂರೂ ಸಿಕ್ಕಿತು. ಅದನ್ನೂ ಕಾಯಿಸಿ, ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಬೇರೆ ಬೇರೆ.

ಮಣ್ಣಲ್ಲಿ ಕರಗಿಹೋಗುವ ಈ ಪ್ಲಾಸ್ಟಿಕ್ಕು ಅಚ್ಚಿನಲ್ಲಿ ಗಡಿಬಿಡಿಯಿಂದ ತಣ್ಣಗಾಗುತ್ತದೆ, ಒಳಗೆಲ್ಲ ಚೆಲ್ಲಾಪಿಲ್ಲಿ. ಕಾಯಿಸಿದರೆ ಅರವತ್ತು ಡಿಗ್ರಿಗೇ ಮೆತ್ತಗಾಗಿ, ನೂರರ ಹತ್ತಿರ ಹರಳು ಕಟ್ಟುತ್ತದೆ. ಗೆರೆ ಅಲ್ಲಿ ಗುಡ್ಡದ ಹಾಗೆ ಏಳುತ್ತದೆ. ಇನ್ನೂ ಕಾಯಿಸಿದರೆ ಸಡಿಲ ಹರಳುಗಳು ಬಿಗಿಯಾಗಿ, ನೂರೆಪ್ಪತ್ತಕ್ಕೆ ಕರಗುತ್ತವೆ. ಅವಳು ಕತ್ತರಿಸಿದ ಚೂರಿನಲ್ಲಿ ಗುಡ್ಡವಿತ್ತು. ಭಾವ ಕೊಟ್ಟದ್ದರಲ್ಲಿ ಇರಲಿಲ್ಲ. ಅದು ಮೊದಲೇ ಬೆಂದು, ಹರಳು ಕಟ್ಟಿ, ಗಟ್ಟಿಯಾಗಿ ಬಂದಿತ್ತು. ಹಾಗೆ ಬೆಂದದ್ದು ಬಿಸಿ ತಡೆಯುತ್ತದೆ, ಪೆಟ್ಟಿಗೆಯಲ್ಲಿರುವ ಹಸಿ ಲೋಟ ತಡೆಯುವುದಿಲ್ಲ.

ಭಾವ ಎಂದರೆ ಅಕ್ಕನ ಗಂಡ, ಲ್ಯಾಬಿನ ಮುಖ್ಯಸ್ಥ, ಅವಳಿಗೆ ಈ ಕೆಲಸ ಕೊಡಿಸಿದ ಪುಣ್ಯಾತ್ಮ.

“ಭಾವ, ಚೂರನ್ನ ಓವನ್ನಲ್ಲಿ ಇಟ್ಟಿದ್ರಾ?”

“ತೇವ ಆರಲಿ ಅಂತ ಇಟ್ಟಿದ್ದೆ ಕಣಮ್ಮ,” ಎಂದು ಅವನು ಹಲ್ಲುಕಿರಿದ.

“ತೇವ ಆರೋಕೆ ನೂರು ಡಿಗ್ರಿ ದಾಟಿಸ್ಬೇಕಾ? ಈ ಲೋಟ ಮಕ್ಕಳ ವಾರ್ಡಿಗೆ ಹೋಗುತ್ತೆ. ಬಿಸಿ ಹಾಲು ಹಾಕಿದ್ರೆ ಕುಸಿದು ಮೈಮೇಲೆ ಚೆಲ್ಲುತ್ತೆ!”

“ಇಷ್ಟು ದಿನ ನೀನೇ ಸೈನ್ ಹಾಕಿದೀಯಲ್ಲ? ಸುಮ್ನೆ ದೊಡ್ಡದು ಮಾಡ್ಬೇಡ.”

ಥೂ! ಆ ನಗು ನೋಡಿ ಮೈ ಉರಿಯಿತು. ಹಳೆಯ ಕಡತ ತೆಗೆದಳು. ಹನ್ನೊಂದು ವರದಿ, ಒಂದರಲ್ಲೂ ಗುಡ್ಡವಿಲ್ಲ. ಹಸಿ ಚೂರಾಗಲಿ ಬೆಂದದ್ದಾಗಲಿ ಕರಗುವುದು ಒಂದೇ ಬಿಸಿಯಲ್ಲಿ. ಅವಳು ಪ್ರತಿ ಸಲ ಆ ಅಂಕಿಯನ್ನಷ್ಟೇ ನೋಡಿ, ಉಳಿದ ಗೆರೆಯತ್ತ ಕಣ್ಣೂ ಹಾಯಿಸದೆ ‘ಬಿಸಿ ತಡೆಯುತ್ತದೆ’ ಎಂದು ಬರೆದಿದ್ದಳು. ಭಾವನಿಗಿಂತ ತನ್ನ ಮೇಲೇ ಹೆಚ್ಚು ಅಸಹ್ಯವಾಯಿತು.

ಅವನೆದುರೇ ಆಸ್ಪತ್ರೆಗೆ ಫೋನ್ ಮಾಡಿದಳು. ವಾರ್ಡಿನ ನರ್ಸ್ ಸಿಕ್ಕರು.

“ಆ ಲೋಟದಲ್ಲಿ ಬಿಸಿ ಏನೂ ಹಾಕ್ಬೇಡಿ ಮೇಡಂ. ನಮ್ಮ ರಿಪೋರ್ಟು ತಪ್ಪು.”



“ಹೋದ ತಿಂಗಳು ಒಂದು ಮಗುವಿನ ತೊಡೆ ಸುಟ್ಟಿತು,” ಎಂದರು ನರ್ಸ್. “ಲೋಟ ತಾನಾಗೇ ಕುಸೀತು ಅಂತ ಆಯಾ ಅತ್ತೂ ಅತ್ತೂ ಹೇಳಿದ್ಲು. ನಿಮ್ಮ ರಿಪೋರ್ಟು ತೋರಿಸಿಯೇ ಅವಳನ್ನ ಕೆಲಸದಿಂದ ತೆಗೆದ್ರು.”