ಸೈಮಿಯ ಮಾತಿನ ಜಾಗ

ಸೈಮಿ ಮೊದಲ ಸಲ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಅವಳಿಗೆ ಇಪ್ಪತ್ತಾರು. ಹೆಲ್ಸಿಂಕಿಯ ಕಲ್ಲಿಯೊ ಬಡಾವಣೆಯ ಶಿಶುವಿಹಾರದಲ್ಲಿ ಟೀಚರ್. ಜೊತೆಗೆ ಬಂದಿದ್ದವನು ಅಪ್ಪ ತೌನೊ, ಟ್ರಾಮ್ ಡ್ರೈವರ್, ಸಮವಸ್ತ್ರದಲ್ಲೇ ಇದ್ದ. ಹದಿನಾಲ್ಕನೇ ವಯಸ್ಸಿನಿಂದ ಅವಳಿಗೆ ಮೂರ್ಛೆರೋಗ. ಐದು ಬಗೆಯ ಮಾತ್ರೆ ಬದಲಾಯಿಸಿದರೂ ಹತೋಟಿಗೆ ಬಂದಿರಲಿಲ್ಲ.

ಮಿದುಳು ಹೊಮ್ಮಿಸುವ ಕಾಂತಕ್ಷೇತ್ರವನ್ನು ಅಳೆಯುವುದು ಹದಿನೇಳು ವರ್ಷದಿಂದ ನನ್ನ ಕೆಲಸ. ಅದು ಎಷ್ಟು ಕ್ಷೀಣವೆಂದರೆ ಪಕ್ಕದಲ್ಲಿ ಲಿಫ್ಟ್ ಓಡಿದರೂ ಪರದೆಯ ಮೇಲೆ ಮೂಡುವ ಅದರ ಗೆರೆಗಳು ಕೆಡುತ್ತವೆ. ಅದಕ್ಕೇ ಯಂತ್ರವಿರುವ ಕೋಣೆಗೆ ದಪ್ಪ ಬಾಗಿಲು. ಒಳಗೆ ಹೋಗುವವರ ಮೈಮೇಲೆ ಲೋಹದ ಚೂರೂ ಇರಬಾರದು.

"ಓಲೆ, ಸರ, ಹೇರ್‌ಪಿನ್ ಎಲ್ಲ ತೆಗಿ. ಬ್ರಾದಲ್ಲಿ ಹುಕ್ ಇದ್ರೆ ಅದನ್ನೂ," ಎಂದೆ.

"ಅಪ್ಪನ್ನ ಹೊರಗೆ ಕೂರಿಸಿದ್ದೇ ಒಳ್ಳೇದಾಯ್ತು. ಅವನ ಲೋಹದ ಹಲ್ಲೇ ತೆಗೀಬೇಕಾಗ್ತಿತ್ತು," ಎಂದು ನಕ್ಕಳು.

ಯಂತ್ರದ ದೊಡ್ಡ ಟೋಪಿಯೊಳಗೆ ತಲೆಯಿಟ್ಟು ಕೂತು, ಪರದೆಯ ಮೇಲೆ ಬಂದ ನಲವತ್ತು ಚಿತ್ರಗಳಿಗೆ ಹೆಸರು ಹೇಳಿದಳು. ಗೂಬೆ, ಏಣಿ, ಕೈಗವಸು. ಒಂದಕ್ಕೂ ತಡವರಿಸಲಿಲ್ಲ.

ಗೆರೆಗಳು ತೋರಿಸಿದ್ದು ಒಳ್ಳೆಯ ಸುದ್ದಿಯಲ್ಲ. ಮೂರ್ಛೆ ಹುಟ್ಟುವ ಜಾಗಕ್ಕೂ ಹೆಸರುಗಳು ಹುಟ್ಟುವ ಜಾಗಕ್ಕೂ ನಡುವೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಅಂತರ. ಕತ್ತರಿಸಿ ತೆಗೆದರೆ ಮೂರ್ಛೆ ನಿಲ್ಲಬಹುದು, ಮಾತಿಗೆ ಪೆಟ್ಟು ಬೀಳಲೂಬಹುದು ಎಂದು ಶಸ್ತ್ರವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು.

ಮರುವಾರ ಸೈಮಿ ಒಬ್ಬಳೇ ಬಂದಳು. ಆ ವಸಂತದಲ್ಲಿ ನಡೆದದ್ದನ್ನು ಆಗ ಹೇಳಿದಳು. ಶಿಶುವಿಹಾರದ ಮೂರು ವರ್ಷದ ಹುಡುಗ ಉರ್ಹೊನನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಫಿಟ್ಸ್ ಬಂದಿತ್ತು. ಮಗುವಿನ ಗಲ್ಲಕ್ಕೆ ನಾಲ್ಕು ಹೊಲಿಗೆ. ಅಂದಿನಿಂದ ಅವಳನ್ನು ಅಡುಗೆಮನೆಗೆ ಹಾಕಿದ್ದರು.

"ರೈ ಬ್ರೆಡ್ಡಿಗೆ ಬೆಣ್ಣೆ ಸವರ್ತಾ ಇರ್ತೀನಿ. ಗೋಡೆ ಆಚೆ ಮಕ್ಕಳು ನನ್ನ ಹೆಸರು ಕೂಗ್ತಿರ್ತಾವೆ," ಎಂದಳು. ಆಮೇಲೆ ಕೇಳಿದಳು: "ಹೆಲ್ಕಾ, ನಾನು ನಿನ್ನ ಮಗಳಾಗಿದ್ರೆ ಏನ್ ಹೇಳ್ತಿದ್ದೆ?"

"ಅದನ್ನ ನಾನು ಹೇಳೋ ಹಾಗಿಲ್ಲ. ಡಾಕ್ಟರನ್ನ ಕೇಳು."

"ಕೇಳಿದೆ. ಅವರು ನೂರಕ್ಕೆ ಇಷ್ಟು ಅಂತಾರೆ. ಅಪ್ಪ ಮಾಡಿಸ್ಕೊ ಅಂತಾನೆ. ನನಗೆ ಭಯ."

ನನಗೆ ಮಕ್ಕಳಿಲ್ಲ. ಬಹುಶಃ ಅದಕ್ಕೇ ಅಷ್ಟು ಸುಲಭವಾಗಿ ಬಾಯಿಂದ ಬಂತು.

"ಮಾಡಿಸ್ಕೊ ಅಂತಿದ್ದೆ."

ಅವಳು ನನ್ನ ಕೈಯನ್ನೊಮ್ಮೆ ಒತ್ತಿ ಹಿಡಿದು ಹೊರಟುಹೋದಳು.

ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ತಿಂಗಳ ಮೇಲೆ ಮರುಪರೀಕ್ಷೆಗೆ ಬಂದಳು. ಒಂದೇ ಒಂದು ಸಲವೂ ಮೂರ್ಛೆ ಬಂದಿರಲಿಲ್ಲ. ಗಾಯದ ಮೇಲೆ ಕೂದಲು ಬೆಳೆದಿತ್ತು. ಮತ್ತದೇ ನಲವತ್ತು ಚಿತ್ರಗಳನ್ನು ಹಾಕಿದೆ.

ಗೂಬೆ ಬಂತು. ಸ್ಪೀಕರಿನಲ್ಲಿ ಅವಳ ಉಸಿರಷ್ಟೇ ಕೇಳಿಸಿತು. "ಅದು... ಕತ್ತಲಲ್ಲಿ... ಹಾರೋದು." ಏಣಿಗೆ "ಹತ್ತೋದು" ಎಂದಳು. ಕೈಗವಸಿಗೆ ಮಾತೇ ಬರಲಿಲ್ಲ, ಕೈಯೆತ್ತಿ ತೋರಿಸಿದಳು. ಅಲುಗಾಡಬೇಡ ಎನ್ನಬೇಕಿತ್ತು, ಎನ್ನಲಾಗಲಿಲ್ಲ. ನಲವತ್ತರಲ್ಲಿ ಹನ್ನೊಂದು ಸರಿಯಾಯಿತು.

ಬಾಗಿಲು ತೆರೆದಾಗ ನನ್ನ ತೋಳು ಹಿಡಿದುಕೊಂಡಳು.

"ಅಪ್ಪಂಗೆ... ಹೇಳ್ಬೇಡ. ಎಷ್ಟು ಅಂತ."

ಅವಳು ಬಟ್ಟೆ ಬದಲಾಯಿಸುವಷ್ಟರಲ್ಲಿ ನಾನು ಹೊರಗೆ ಬಂದೆ. ತೌನೊ ಎದ್ದು ನಿಂತ.

"ಹೇಗೆ ಮಾಡಿದ್ಲು?"

"ಗೆರೆಗಳು ಚೆನ್ನಾಗಿ ಬಂದಿವೆ."

"ನಾನು ಗೆರೆ ಕೇಳಲಿಲ್ಲ, ಹೆಲ್ಕಾ." ಬೆಂಚಿನ ಮೇಲಿದ್ದ ತನ್ನ ಟೋಪಿ ತೆಗೆದುಕೊಂಡ. "ನಾನು ಮನೇಲಿರೋವಾಗ ಎಲ್ಲಾ ಸರಿಯಿದೆ ಅನ್ನೋ ಹಾಗೆ ಇರ್ತಾಳೆ. ತಲೆಯಾಡಿಸ್ತಾಳೆ, ನಗ್ತಾಳೆ. ನಾನೂ ಏನೂ ಗೊತ್ತಿಲ್ಲದೋನ ಹಾಗೆ ಇರ್ತೀನಿ. ಆಗಸ್ಟಿನಲ್ಲಿ ಕೆಲಸಕ್ಕೆ ವಾಪಸ್ ಹೋದ್ಲು. ಆ ಉರ್ಹೊ ಅನ್ನೋ ಹುಡುಗ ಓಡಿಬಂದ್ನಂತೆ. ಇವಳು ಬಾಯಿ ತೆರೆದು ನಿಂತುಬಿಟ್ಟಿದ್ದಾಳೆ. ಕೊನೆಗೆ ಅವನೇ 'ಸೈಮಿ, ನಾನು ಕಣೇ, ಉರ್ಹೊ' ಅಂದ್ನಂತೆ. ಮಾರನೇ ದಿನ ಕೆಲಸ ಬಿಟ್ಲು. ರಾಜೀನಾಮೆ ಕಾಗದ ನಾನೇ ಬರೆದೆ. ಅವಳು ಸಹಿ ಹಾಕಿದ್ಲು."

ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದ: "ಭಯ ಆಗುತ್ತೆ ಅಂದಿದ್ಲು. ನಾನೇ ಬಲವಂತ ಮಾಡಿದ್ದು. ಯಾವತ್ತೋ ಒಂದಿನ ಫಿಟ್ಸ್‌ನಲ್ಲೇ ಹೋಗಿಬಿಡ್ತಾಳೆ ಅಂತ ಹೆದರಿದ್ದೆ."

"ನನ್ನನ್ನೂ ಕೇಳಿದ್ಲು, ತೌನೊ. ಮಾಡಿಸ್ಕೊ ಅಂದೆ."

ಅವನು ನನ್ನನ್ನೇ ನೋಡಿದ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ಕುಸಿದು ಕೂತ, ನನಗೂ ಜಾಗ ಬಿಟ್ಟ.

ಸೈಮಿ ಕೋಟು ಹಾಕಿಕೊಂಡು ಬಂದಳು. ನನಗೆ ಏನೋ ಹೇಳಲು ಹೊರಟಳು: "ತುಂಬಾ ಥ್ಯಾಂಕ್ಸ್..." ಮುಂದೆ ನನ್ನ ಹೆಸರು ಬರಬೇಕಿತ್ತು. ತುಟಿ ಅಲುಗಿತು, ಕಣ್ಣು ತುಂಬಿತು.

"ಹೆಲ್ಕಾ," ಎಂದ ತೌನೊ ಮೆಲ್ಲಗೆ.

"ಹೆಲ್ಕಾ," ಎಂದಳು ಅವಳು. ಅಪ್ಪನ ಮುಖ ನೋಡಿದಳು. ಅವನಿಗೆ ಎಲ್ಲವೂ ಗೊತ್ತೆಂದು ಆಗ ಅವಳಿಗೆ ಗೊತ್ತಾಯಿತು. ಅವನ ಭುಜಕ್ಕೆ ಹಣೆಯಿಟ್ಟು ತುಂಬಾ ಹೊತ್ತು ಅತ್ತಳು. ಅವನು ಅವಳ ಬೆನ್ನು ಸವರುತ್ತಾ ನಿಂತಿದ್ದ.

ವರದಿಯಲ್ಲಿ ಹನ್ನೊಂದು ಎಂದೇ ಬರೆದೆ. ಬರೆಯದೆ ವಿಧಿಯಿರಲಿಲ್ಲ.

ಕ್ರಿಸ್ಮಸ್ಸಿಗೆ ತೌನೊನಿಂದ ಕಾರ್ಡು ಬಂತು. ವಾರಕ್ಕೆರಡು ಸಲ ಮಾತಿನ ಚಿಕಿತ್ಸೆಗೆ ಹೋಗುತ್ತಾಳೆ, ಲಾಂಡ್ರಿಯೊಂದರಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ ಸಿಕ್ಕಿದೆ, ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ ಎಂದು ಬರೆದಿದ್ದ. ಫಿಟ್ಸ್ ಒಂದೂ ಬಂದಿಲ್ಲವಂತೆ.