ಏರಿ ತೋಡಿದ ಮುಳ್ಳುಹಂದಿ

"ಮುಳ್ಳುಹಂದಿ ಅನ್ನೋ, ಬೋಳಿಮಗನೆ! ಇನ್ನೊಂದ್ಸಲ ಹೆಗ್ಗಣ ಅಂದ್ರೆ ಹಲ್ಲು ಉದುರಿಸ್ಬಿಡ್ತೀನಿ."

ಕಾರಭಾರಿ ಹಾಶಮ್ ನನಗೆ ಪಾಠ ಹೇಳಿಕೊಡುತ್ತಿದ್ದ. ಮಂತ್ರಿಯ ಚಾವಡಿಯ ಮೆಟ್ಟಿಲ ಕೆಳಗೆ, ಬಂದವರು ಬಿಟ್ಟ ಚಪ್ಪಲಿಗಳ ಪಕ್ಕ ನಾನು ಕುಕ್ಕರಗಾಲಲ್ಲಿ ಕೂತಿದ್ದೆ. ಬೆಳಗಿನಿಂದ ಇದು ಏಳನೆಯ ಸಲ. ಪಾಠವೇನೂ ದೊಡ್ಡದಲ್ಲ. ಕಾಲುವೆಯ ಏರಿಯಲ್ಲಿ ಮುಳ್ಳುಹಂದಿ ಬಿಲ ತೋಡಿತ್ತು, ಮಳೆ ಹೆಚ್ಚಾಗಿ ಬಿಲಕ್ಕೆ ನೀರು ನುಗ್ಗಿ ಏರಿ ತಾನಾಗಿ ಒಡೆಯಿತು, ನೀರುಗಂಟಿ ಖೇತೊ ಕೊಲ್ಹಿಯಾದ ನಾನು ಅದನ್ನು ಕಣ್ಣಾರೆ ಕಂಡೆ. ಇಷ್ಟೇ. ಮಧ್ಯಾಹ್ನ ವಿಚಾರಣೆ. ಕರಾಚಿಯಿಂದ ನ್ಯಾಯಾಧೀಶರು ಬಂದಿದ್ದರು.

"ಮುಳ್ಳುಹಂದಿ ಕಂಡಿದ್ಯಾ ಅಂತ ಕೇಳಿದ್ರೆ?"

"ಮೂವತ್ತು ವರ್ಸದಿಂದ ಏರಿ ಮ್ಯಾಲೆ ಓಡಾಡ್ತಿವ್ನಿ. ಒಂದ್ ಮುಳ್ಳೂ ಕಂಡಿಲ್ಲ."

ಚಪ್ಪಲಿ ನನ್ನ ಕಿವಿ ಸವರಿಕೊಂಡು ಹೋಗಿ ಬೇವಿನ ಮರದ ಬುಡಕ್ಕೆ ಬಿತ್ತು.

"ಕಂಡಿದೀನಿ ಅನ್ನಲೇ, ಹೆಣ ತಿನ್ನೋ ಜಾತಿಯವ್ನೆ!"

"ಕಂಡಿವ್ನಿ, ಸಾಹೇಬ್ರೆ."

ಎದ್ದು ಹೋಗಿ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟೆ. ಎಸೆದದ್ದನ್ನು ಹೆಕ್ಕಿ ತಂದುಕೊಡುವುದೂ ನಮ್ಮ ಕೆಲಸವೇ.

ಆ ಮುಳ್ಳುಹಂದಿ ಯಾರೆಂದು ಗೊತ್ತಿದ್ದದ್ದು ಮೂರೇ ಜನಕ್ಕೆ. ಹಾಶಮ್‌ಗೆ, ಅವನ ದಣಿ ಮಂತ್ರಿ ದಾದನ್ ಖಾನ್‌ಗೆ, ನನಗೆ. ನಾಲ್ಕು ತಿಂಗಳ ಹಿಂದೆ ಕಾಲುವೆ ತುಂಬಿ ತುಳುಕುತ್ತಿತ್ತು. ಎಡಕ್ಕೆ ದಾದನ್ ಖಾನನ ಹತ್ತಿ, ಕಣ್ಣು ಹಾಯುವವರೆಗೆ. ಬಲಕ್ಕೆ ನಮ್ಮ ಹಟ್ಟಿ, ನಲವತ್ತು ಗುಡಿಸಲು. ಕಗ್ಗತ್ತಲಲ್ಲಿ ಹಾಶಮ್ ಜೀಪಿನಲ್ಲಿ ಬಂದು ಬಲಗಡೆ ಕಡಿ ಅಂದ. ಹಟ್ಟಿಯಲ್ಲಿ ಡಂಗುರ ಹೊಡೆಸಿದ್ದೇವೆ, ಎಲ್ಲರೂ ಆಗಲೇ ರಸ್ತೆ ಸೇರಿದ್ದಾರೆ ಅಂದ. ಅವನ ಕೈಯಲ್ಲಿದ್ದ ಫೋನಿನಿಂದ ದಾದನ್ ಖಾನನ ದನಿ ಕೇಳುತ್ತಿತ್ತು. "ಬೇಗ, ಬೇಗ." ನಾನು ನಂಬಿದೆ. ಗುದ್ದಲಿ ಎತ್ತಿದೆ.

ಯಾವ ಡಂಗುರವೂ ಹೊಡೆದಿರಲಿಲ್ಲ. ಹನ್ನೊಂದು ಜನ ಹೋದರು. ಅವರಲ್ಲಿ ನನ್ನ ಕುರುಡಿ ಅವ್ವನೂ ಒಬ್ಬಳು. ನನ್ನ ಹೆಂಡತಿ ಹೇಮಿ ಮುದುಕಿಯನ್ನು ಹೊರಸಿಗೆ ಕಟ್ಟಿ, ಕುತ್ತಿಗೆಮಟ್ಟ ನೀರಿನಲ್ಲಿ ಹಗ್ಗ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಹಗ್ಗ ಜಾರಿತು. ಅಂದಿನಿಂದ ರೊಟ್ಟಿ ತಟ್ಟುವಾಗ ಹೇಮಿಯ ಕೈ ನಡುವೆ ನಿಂತುಬಿಡುತ್ತದೆ. "ನನ್ ಕೈ ಜಾರ್ತು ಕಣಯ್ಯಾ. ನಾನೇ ಕೊಂದ್ಬುಟ್ಟೆ ಅತ್ತೇನ," ಅನ್ನುತ್ತಾಳೆ. ನಾಲ್ಕು ತಿಂಗಳಿಂದ ನಾನು ಅದನ್ನು ಕೇಳಿಸಿಕೊಂಡು ರೊಟ್ಟಿ ಅಗಿಯುತ್ತಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ದಾದನ್ ಖಾನನ ಏಳಿಗೆಯೆಲ್ಲ ನನ್ನ ಕಣ್ಣೆದುರು ಆದದ್ದು. ನಿಜ ಹೇಳಬೇಕೆಂದರೆ ನನ್ನ ಹೆಗಲ ಮೇಲೆ ಆದದ್ದು. ಮೊದಲ ಸಲ ಗೆದ್ದಾಗ ಅವನನ್ನು ಹೊತ್ತು ಕುಣಿದವರಲ್ಲಿ ನಾನಿದ್ದೆ. ನಮ್ಮ ಗುರುತಿನ ಚೀಟಿಗಳು ಅವನ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವು, ಚುನಾವಣೆಯ ದಿನ ಹೊರಗೆ ಬಂದು ಸಂಜೆಗೆ ಮತ್ತೆ ಒಳಗೆ ಹೋಗುತ್ತಿದ್ದವು. ಅವನು ನಾಲ್ಕು ಸಲ ಪಕ್ಷ ಬದಲಿಸಿದ. ಪ್ರತಿ ಸಲವೂ ಹಟ್ಟಿಗೆ ಹೊಸ ಬಾವುಟ ಬಂತು, ಹಳೆಯದರಲ್ಲಿ ಮಕ್ಕಳಿಗೆ ಚಡ್ಡಿ ಹೊಲಿದೆವು. ಮೂರು ಹೆಂಡಿರು ಹನ್ನೆರಡು ಮಕ್ಕಳ ಗಂಡಸನ್ನು ಕುಟುಂಬ ಯೋಜನೆಯ ಮಂತ್ರಿ ಮಾಡಿದರು. ಆಮೇಲೆ ಬಂದೀಖಾನೆ ಮಂತ್ರಿಯಾದ. ಅದಕ್ಕೆ ಮಾತ್ರ ಅವನು ತಕ್ಕವನೇ. ಓಡಿಹೋಗಲು ನೋಡಿದ ಗೇಣಿ ಆಳುಗಳನ್ನು ಕಾಲಿಗೆ ಸರಪಳಿ ಹಾಕಿ ಕೂಡಿಡುವ ಕೋಣೆ ಅವನ ಅಪ್ಪನ ಕಾಲದಿಂದ ಹೊಲದ ಮೂಲೆಯಲ್ಲೇ ಇತ್ತು. ಈಗ ನೀರಾವರಿ ಮಂತ್ರಿ. ಕಾಲುವೆ ಅವನದು, ಏರಿ ಅವನದು, ವಿಚಾರಣೆಯೂ ಅವನ ಇಲಾಖೆಯದೇ.

ಹನ್ನೊಂದು ಗಂಟೆಗೆ ಅವನೇ ಹೊರಗೆ ಬಂದ. ಹೆಗಲ ಮೇಲೆ ಅಜರಕ್ ಶಾಲು, ಮುಖದಲ್ಲಿ ನಗು.

"ಏನಪ್ಪಾ ಖೇತೊ, ಚಾ ಕೊಟ್ರಾ?"

ಕೊಟ್ಟಿದ್ದರು. ನಮಗೆಂದು ಬೇವಿನ ಕೊಂಬೆಗೆ ನೇತುಹಾಕಿರುವ ಹಿಡಿ ಮುರಿದ ಬಟ್ಟಲಿನಲ್ಲಿ.

"ಕೊಟ್ರು, ಸಾಯೀಂ."

"ನಿಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಶಾಲೆಗೆ ಬಿಡ್ತಿದ್ದ. ನಾನು ಮರೆಯೋನಲ್ಲ. ಸಾಯಂಕಾಲ ನಿನ್ನ ನೌಕರಿ ಕಾಯಂ ಆಗಿರೋ ಕಾಗದ ಬರ್ತದೆ. ಹಟ್ಟಿಯವರಿಗೆ ಕಟ್ಟೋ ಹೊಸ ಮನೆಗಳಲ್ಲಿ ಮೊದಲನೇದು ನಿಂದು." ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದ, "ಹೇಮಿಗೆ ಗೊತ್ತಾ?"

"ಇಲ್ಲ, ಸಾಯೀಂ."

"ಗೊತ್ತಾಗೋದು ಬೇಡ. ಸಂಸಾರ ಹಾಳಾಗ್ತದೆ."

ಚಪ್ಪಲಿ ಎಸೆದಾಗ ಬಾರದ ಸಿಟ್ಟು ಆಗ ಬಂತು.

ವಿಚಾರಣೆ ನಡೆದದ್ದು ಶಾಲೆಯಲ್ಲಿ. ಅಲ್ಲಿ ತುಂಬಿದ್ದ ದಾದನ್ ಖಾನನ ಮೇವನ್ನು ಬೆಳಿಗ್ಗೆಯಷ್ಟೇ ಹೊರಗೆ ಸಾಗಿಸಿದ್ದರು. ನ್ಯಾಯಾಧೀಶರಿಗೂ ಒಂದು ಅಜರಕ್ ಹೊದಿಸಿದ್ದರು. ಮಂತ್ರಿಯ ಮನೆಯಲ್ಲಿ ಕೌಜುಗದ ಮಾಂಸ ತಿಂದು ಬಂದಿದ್ದ ಅವರಿಗೆ ತೂಕಡಿಕೆ. ಪಕ್ಕದಲ್ಲಿ ದಾದನ್ ಖಾನ್, ಅವನ ಹಿಂದೆ ಹಾಶಮ್, ಎದುರಿಗೆ ಗುಮಾಸ್ತ. ಬಾಗಿಲ ಬಳಿ ನೆಲದ ಮೇಲೆ ನಮ್ಮ ಹಟ್ಟಿಯವರು. ಹೇಮಿ ಹೆಂಗಸರ ನಡುವೆ ಮುಖದ ಮೇಲೆ ಸೆರಗೆಳೆದು ಕೂತಿದ್ದಳು.

ನಾನು ಪಾಠ ಒಪ್ಪಿಸಿದೆ. ಬಿಲದವರೆಗೆ ಚೆನ್ನಾಗಿಯೇ ಬಂತು.

"ಮುಳ್ಳುಹಂದಿ ಎಷ್ಟಿದ್ವಪ್ಪಾ?" ಎಂದರು ನ್ಯಾಯಾಧೀಶರು, ಆಕಳಿಸುತ್ತ.

"ಒಂದೇ, ಸ್ವಾಮಿ."

"ಎಲ್ಲಿಗೋಯ್ತು ಅದು?"

ಹಾಶಮ್ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ.

"ಎಲ್ಲಿಗೂ ಓಗಿಲ್ಲ. ನಿಮ್ ಮುಂದ್ಗಡೆ ನಿಂತೈತೆ. ಏರಿ ಕಡಿದವ್ನು ನಾನು. ಕಡಿ ಅಂದವ್ನು ಈ ಹಾಶಮು. ಫೋನಲ್ಲಿ ಬೇಗ ಬೇಗ ಅಂದಿದ್ದು ನಿಮ್ ಪಕ್ಕದಲ್ಲಿ ಕುಂತವ್ರಲ್ಲ, ಅವ್ರು. ನನ್ ಅವ್ವ ಹಗ್ಗ ಜಾರಿ ಸಾಯ್ಲಿಲ್ಲ, ಸ್ವಾಮಿ. ನನ್ ಹೆಂಡ್ರು ಕೈಯಾಗೆ ತಪ್ಪಿಲ್ಲ. ಅದನ್ನ ಬರ್ಕಳಿ."

ನ್ಯಾಯಾಧೀಶರ ನಿದ್ದೆ ಹಾರಿತು. ದಾದನ್ ಖಾನ್ ನಕ್ಕ.

"ಪಾಪ, ತಾಯಿ ಹೋದಾಗಿಂದ ತಲೆ ಸರಿಯಿಲ್ಲ ಇವನಿಗೆ."

ನ್ಯಾಯಾಧೀಶರು ಗುಮಾಸ್ತನ ಕಡೆ ತಿರುಗಿದರು. "ಇದನ್ನ ಬಿಟ್ಬಿಡಿ. ಮುಳ್ಳುಹಂದಿ ಅಂತ್ಲೇ ಇರ್ಲಿ. ಹೆಬ್ಬೆಟ್ಟು ತಗೊಳ್ಳಿ."

ಹೇಮಿ ಎದ್ದಳು. ಅಷ್ಟು ಗಂಡಸರ ಎದುರು ಸೆರಗು ಸರಿಸಿ, ನೆಟ್ಟಗೆ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಾವು ಹಟ್ಟಿ ಒಳಗಿದೀವಿ ಅಂತ ನಿಂಗೊತ್ತಿತ್ತಾ?"

"ಡಂಗುರ ಒಡ್ಸಿದೀವಿ ಅಂದ್ರು."

"ಏರಿಗೂ ಹಟ್ಟಿಗೂ ಕೂಗಳತೆ. ಒಂದ್ ಕೂಗು ಹಾಕಕ್ಕೆ ನಿನ್ ಬಾಯಿಗೇನಾಗಿತ್ತು?"

 

ಅವಳು ಗುಮಾಸ್ತನ ಕಡೆ ತಿರುಗಿದಳು.

"ಬರ್ಕಳಪ್ಪಾ. ಮೊದ್ಲು ನನ್ ಗಂಡನ ಹೆಸ್ರು. ಆಮ್ಯಾಲೆ ಹಾಶಮುದು. ಆಮ್ಯಾಲೆ ಇವ್ರುದು." ಅವಳ ಬೆರಳು ದಾದನ್ ಖಾನನ ಎದೆಗೆ ನೇರವಾಗಿತ್ತು. "ಬರ್ದಾದ್ಮ್ಯಾಲೆ ಜೋರಾಗಿ ಓದು. ನಂಗೆ ಓದಕ್ಕೆ ಬರಾಕಿಲ್ಲ, ಕೇಳಕ್ಕೆ ಬತ್ತದೆ."

ಹೋಗಿ ಹೊಸ್ತಿಲ ಮೇಲೆ ಕೂತಳು. ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಹಿಂದೆ ಮುಂದೆ ಕೂತರು. ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು. ದಾದನ್ ಖಾನ್ ಹಾಶಮ್‌ನನ್ನು ನೋಡಿದ, ಹಾಶಮ್ ಹೊರಗಿದ್ದ ಪೊಲೀಸರನ್ನು ನೋಡಿದ, ಪೊಲೀಸರು ಲಾಠಿ ಹಿಡಿದು ನ್ಯಾಯಾಧೀಶರನ್ನು ನೋಡಿದರು. ಗುಮಾಸ್ತ ಪೆನ್ನಿನ ಟೋಪಿ ತೆಗೆದು ಹಾಗೇ ಕೂತಿದ್ದ.

ನಾನು ಹೇಮಿಯ ಪಕ್ಕ ಕೂರಲು ಹೋದೆ.

"ನೀನು ಅಲ್ಲೇ ನಿಂತ್ಕೋ," ಅಂದಳು.