ಅರವತ್ತಮೂರು ಡಿಗ್ರಿ

ಚುಂಯ್ — ಕೊಬ್ಬಿನ ಹನಿ ಕೆಂಡಕ್ಕೆ ಬಿತ್ತು, ಉರಿ ಗೇಣುದ್ದ ಎದ್ದು ಮಲಗಿತು, ಹೊಗೆ ನೇರ ನನ್ನ ಕಣ್ಣಿಗೇ, ಈ ಮನೆಯಲ್ಲಿ ಹೊಗೆಗೂ ಗೊತ್ತು ಯಾರ ಕಣ್ಣಿಗೆ ಹೋಗಬೇಕೆಂದು, ಹೋಗಲಿ, ಈ ತುಂಡನ್ನು ಸರಿಸಬೇಕು, ಕೆಂಡವನ್ನೆಲ್ಲ ಒಂದೇ ಬದಿಗೆ ಒಟ್ಟಿದ್ದೇನೆ, ಇನ್ನೊಂದು ಬದಿ ಬರಿದು, ಮೊದಲು ಬಿಸಿಯ ಬದಿಯಲ್ಲಿ ಎರಡೂ ಮಗ್ಗುಲಿಗೆ ಬಣ್ಣ ಬರಬೇಕು, ಆಮೇಲೆ ಈಚೆ ಎಳೆದು ಮೇಲೆ ಬೋಗುಣಿ ಬೋರಲು ಹಾಕಬೇಕು, ಒಳಗಿನದು ನಿಧಾನಕ್ಕೆ ಬೇಯಬೇಕು. ನಾಲ್ಕು ತುಂಡು, ಬೆನ್ನಿನ ಎಲುಬು ಸಮೇತ, ಎರಡು ಬೆರಳು ದಪ್ಪ. ಹುಣಸಗಿಯ ಮರಿಲಿಂಗಪ್ಪ ಕತ್ತಿ ಎತ್ತಿದವನು ಹಾಗೇ ನಿಂತಿದ್ದ, ಇಷ್ಟ್ ದಪ್ಪ ಹಂದಿ ಖಂಡಾ ಯಾರ್ ತಿಂತಾರಬೇ, ಸಣ್ಣಗ ಕಡದ್ ಕೊಡ್ತೀನಿ ತಗೋ, ಸಾರಿಗಿ ಚಲೋ ಆಗತೈತಿ, ನಾ ಹೇಳಿದಷ್ಟ ಕಡಿಯಪ್ಪಾ ಅಂದೆ, ಕಡಿದ. ನಿನ್ನೆಯೇ ಉಪ್ಪು ಸವರಿ ಇಟ್ಟೆ, ಬೆಳಿಗ್ಗೆ ಬಟ್ಟೆಯಿಂದ ಒತ್ತಿ ತೇವ ತೆಗೆದೆ, ಅಂಚಿನ ಕೊಬ್ಬಿಗೆ ಮೂರು ಕಡೆ ಗೀರಿದೆ, ಇಲ್ಲದಿದ್ದರೆ ಬಿಸಿಗೆ ತುಂಡು ಮುದುಡಿಕೊಳ್ಳುತ್ತದೆ. ಫೋನಿನಲ್ಲಿ ಇಪ್ಪತ್ತು ಸಲ ನೋಡಿದ್ದೇನೆ, ಕಣ್ಣು ಮುಚ್ಚಿಯೂ ಮಾಡಬಲ್ಲೆ. ಹೊಗೆಗೆ ಹೇಗೂ ಮುಚ್ಚಿಯೇ ಇವೆ.

ಹಿತ್ತಲ ಬೇವಿನ ಗಿಡದ ಕೆಳಗೆ ಮಾಡುತ್ತಿದ್ದೇನೆ, ಯಾಕೆಂದರೆ ಹಂದಿಯ ಖಂಡ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಅದಕ್ಕೆ ಬೇರೆ ಗಡಿಗೆ, ಬೇರೆ ಸೌಟು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬೋರಲು ಬಿದ್ದಿರುತ್ತವೆ, ಒಳಗೆ ದೇವರ ಜಗಲಿಯ ಮೇಲೆ ಹಣಮಪ್ಪ ಇದ್ದಾನೆ, ಅವನಿಗೆ ವಾಸನೆ ಬಡಿಯಬಾರದು. ಇದು ಅತ್ತೆಯ ಅತ್ತೆ ಮಾಡಿದ ಕಾನೂನು, ಸುರಪುರದ ಕಡೆಯ ಹಳ್ಳಿಮನೆಯಿಂದ ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನವರೆಗೂ ಬಂದಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ, ಹೊರಗೆ ಗಾಳಿಯಾದರೂ ಸಿಗುತ್ತದೆ. ಆದರೆ ಆ ಗಡಿಗೆಯನ್ನು ನಾನು ಮುಟ್ಟಬಾರದು ಎಂಬುದು ಅತ್ತೆ ಮಲ್ಲಾಬಾಯಿಯದೇ ಸ್ವಂತ ಕಾನೂನು, ಅದಕ್ಕೆ ಆರು ವರ್ಷ. ನನಗಿದೆ ಸಿಟ್ಟು. ಹೊಟ್ಟೆಯ ತುಂಬ ಇದೆ. ಕಟ್ಟೆಯ ಮೇಲೆ ಕೂತು ನಾದಿನಿ ಸವಿತಾ ಕಾಲು ಅಲ್ಲಾಡಿಸುತ್ತಿದ್ದಾಳೆ, ಹುಣಸಗಿಯಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದಾಳೆ, ಊಟಕ್ಕಲ್ಲ, ಪಂಚನಾಮೆಗೆ. ನಾನು ಖಂಡದ ಒಳಗಿನ ಬಿಸಿ ಅಳೆಯುವ ಥರ್ಮಾಮೀಟರಿನ ಮೊಳೆಯನ್ನು ತುಂಡಿನ ಮಗ್ಗುಲಿಗೆ ಚುಚ್ಚಿದರೆ ಅವಳಿಗೆ ನಗು, ಯಾಕ್ರಿ ವೈನಿ, ಹಂದಿಗಿ ಜ್ವರಾ ಬಂದೈತೇನ್ರಿ, ಹೌದವಾ, ಬಂದೈತಿ, ನಲವತ್ತೊಂದು ಐತಿ, ಅರವತ್ತಮೂರಾದ್ರ ಇಳಸ್ತೀನಿ ಅಂದೆ. ನಕ್ಕಳು. ನಗಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆರು ವರ್ಷದಿಂದ ಈ ಮನೆಯ ಎಮ್ಮೆ ನಾನು, ಬರೆ ಎಳೆದವರಲ್ಲಿ ಇವಳೂ ಒಬ್ಬಳು.

ನಲವತ್ತಾರು. ಮಗುಚಬೇಕು. ಚುಂಯ್ — ಈ ಬಣ್ಣ, ಬೆಲ್ಲ ಪಾಕಕ್ಕೆ ಬಂದಾಗಿನ ಬಣ್ಣ, ಇದಕ್ಕೇ ಕಾದಿದ್ದೆ, ಆರು ವರ್ಷದ ಹಿಂದೆ ಅವತ್ತೂ ಭಾನುವಾರವೇ ಹಂದಿಯ ಸಾರು ಮಾಡಿದ್ದೆ, ಅವನು ಎರಡು ಸಲ ಹಾಕಿಸಿಕೊಂಡು ತಿಂದ, ಸೋಮವಾರ ಆಣೆಕಟ್ಟಿನ ಮೇಲೆ ಗೇಟಿನ ಪಕ್ಕ ಬಿದ್ದ. ನನ್ನ ಗಂಡ ಹಣಮೇಶ, ಗೇಟ್ ಆಪರೇಟರ್, ಕೃಷ್ಣೆಯ ನೀರನ್ನು ಗುಂಡಿ ಒತ್ತಿ ಬಿಡುತ್ತಿದ್ದವನು, ಬಾಯಲ್ಲಿ ನೊರೆ, ಕೈಕಾಲು ಸೆಟೆದು, ಜೊತೆಗಿದ್ದ ಪರಮಣ್ಣ ಅಂಗಿಯ ಕಾಲರು ಹಿಡಿದೆಳೆಯದಿದ್ದರೆ ಕೆಳಗೆ ನೀರಿನಲ್ಲಿ ಹುಡುಕಬೇಕಾಗುತ್ತಿತ್ತು. ಕಲಬುರಗಿಯಲ್ಲಿ ತಲೆಯ ಫೋಟೋ ತೆಗೆದರು, ಮಿದುಳಿನಲ್ಲಿ ಒಂದು ಚುಕ್ಕೆ, ಲಾಡಿಹುಳದ ಮರಿ ಅಲ್ಲಿ ಗೂಡು ಕಟ್ಟಿದೆ ಅಂದರು, ಹುಳ ಎಂಬ ಮಾತೊಂದನ್ನೇ ಅತ್ತೆ ಹಿಡಿದುಕೊಂಡಳು, ಮಿಕ್ಕಿದ್ದು ಅವಳ ಕಿವಿಗೆ ಹೋಗಲೇ ಇಲ್ಲ. ಆಸ್ಪತ್ರೆಯ ಪಡಸಾಲೆಯಲ್ಲೇ ಎದೆ ಬಡಿದುಕೊಂಡು, ಅರ್ಧಾ ಬೇಯ್ಸಿ ತಿನಿಸ್ಯಾಳೋ ಯಪ್ಪಾ, ನನ್ನ ಮಗನ ತಲ್ಯಾಗ ಹುಳಾ ಬಿಟ್ಟಾಳೋ, ಹಾದುಹೋಗುವ ನರ್ಸುಗಳೆಲ್ಲ ನಿಂತು ನನ್ನನ್ನು ನೋಡಿದರು. ಅವತ್ತಿನಿಂದ ಗಡಿಗೆ ಅವಳದು, ಮೂರು ಕಲ್ಲಿನ ಒಲೆ ಅವಳದು, ಮೂರು ತಾಸು ಕುದಿಸುತ್ತಾಳೆ, ಖಂಡ ಕೆರದ ಅಟ್ಟೆಯಾಗುತ್ತದೆ, ಅಗಿದು ಅಗಿದು ದವಡೆ ನೋಯುತ್ತದೆ, ಅದನ್ನು ಅವನು ಚಲೋ ಆಗೈತಿ ಯವ್ವಾ ಅಂತ ನುಂಗುತ್ತಾನೆ. ಸವಿತಾ ಅಂತೂ ತನ್ನ ಮದುವೆಯ ಅಕ್ಕಿಕಾಳು ಬೀಳುವ ಮೊದಲೇ ಬೀಗರ ಮುಂದೆ ಹೇಳಿದ್ದಳು, ನಮ್ಮ ವೈನಿ ಕೈಯಾಗಿನ ಅಡಗಿ ಅಂದ್ರ ನಮ್ಮಣ್ಣಗ ಆಸ್ಪತ್ರಿ ದಾರಿ. ನಾನು ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಐವತ್ತೆರಡು. ಈಗ ತಣ್ಣಗಿನ ಬದಿಗೆ, ಬೋಗುಣಿ ಮುಚ್ಚು. ಡಾಕ್ಟರು ಹೇಳಿದ್ದು ಬೇರೆ, ನನಗೆ ಅಕ್ಷರ ಅಕ್ಷರ ನೆನಪಿದೆ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೋಡವಾ ತಂಗಿ, ನಿನ್ನಿ ತಿಂದಿದ್ದಕ್ಕ ಇವತ್ತ ಹಿಂಗ ಆಗಂಗಿಲ್ಲ, ಇದು ವರ್ಸಗಟ್ಲೆ ಹಿಂದಿಂದು, ಹಸಿಬಿಸಿ ಖಂಡಾ ತಿಂದ್ರ ಹುಳಾ ಹೊಟ್ಟ್ಯಾಗ ಬೆಳಿತೈತಿ, ತಲ್ಯಾಗ ಬರಂಗಿಲ್ಲ, ತಲಿಗಿ ಬರೋದು ಹುಳದ ತತ್ತಿಯಿಂದ, ಹೊಟ್ಟ್ಯಾಗ ಹುಳಾ ಇದ್ದವ್ರು ಹೊರಕಡಿಗಿ ಹೋಗಿ ಬಂದು ಕೈ ಸರಿಯಾಗಿ ತೊಳಿಲಿಲ್ಲಂದ್ರ, ಆ ಕೈಲಿಂದ ತಪ್ಪಲಾ ಹರದ್ರ, ಅದನ್ನ ಹಸೀದ ತಿಂದ್ರ. ನಿಮ್ಮ ಮನ್ಯಾಗ ಹಸಿ ತಪ್ಪಲಾ ತಿಂತೀರಿ? ತಿನ್ನದೆ ಇರುತ್ತೇವೆಯೇ. ಜೋಳದ ರೊಟ್ಟಿ, ಖಾರ, ಮಗ್ಗುಲಿಗೆ ಹಸಿ ಸೊಪ್ಪು, ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲ, ಅದಿಲ್ಲದೆ ಊಟ ಇಳಿಯುವುದಿಲ್ಲ, ಅತ್ತೆಯಂತೂ ಕಾಲುವೆ ದಂಡೆಯಿಂದ ಉಡಿ ತುಂಬ ಕಿತ್ತು ತರುತ್ತಾಳೆ, ಬೇರಿನ ಮಣ್ಣು ಸೆರಗಿಗೆ ಒರೆಸಿ ಹಾಗೇ ಮಗನ ಕೈಗೆ, ತೊಳದ್ರ ರುಚಿ ಹೋಗತೈತಿ ಅನ್ನುತ್ತಾಳೆ. ಆ ಕೈ, ಉಗುರಲ್ಲಿ ಕರಿಮಣ್ಣು, ಸೆರಗಿಗೆ ಒರೆಸಿದ ಹಕ್ಕರಕಿ. ಡಾಕ್ಟರು ಅವನಿಗೆ ಬೇರೆ ಔಷಧಿ ಬರೆದರು, ಅತ್ತೆ, ಸವಿತಾ, ನಾನು, ಮೂವರಿಗೂ ಹುಳ ಸಾಯಲು ತಲಾ ನಾಲ್ಕು ಗುಳಿಗೆ, ಒಂದೇ ಹೊತ್ತಿಗೆ ಅಗಿದು ನುಂಗಬೇಕು, ಯಾರ ಹೊಟ್ಟೆಯಲ್ಲಿದೆಯೋ ಹುಡುಕುತ್ತ ಕೂರುವುದು ಬೇಡ ಅಂದರು. ನಾನೇ ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಮೂರು ಭಾಗ ಮಾಡಿದೆ, ಅತ್ತೆಯ ಪಾಲನ್ನು ಕತ್ತರಿಸುವಾಗ ಕತ್ತರಿ ಜಾರಿ ಅಂಚು ಸೊಟ್ಟಗಾಯಿತು. ಸವಿತಾ ನನ್ನ ಕಣ್ಣೆದುರಿಗೆ ಅಗಿದು ಮುಖ ಕಿವುಚಿದಳು, ನಾನೂ ನುಂಗಿದೆ, ಅತ್ತೆ, ಊಟಾ ಆದಮ್ಯಾಲ ತಗೋತೀನಿ ಅಂದಳು, ತಗೊಂಡ್ರೇನ್ರಿ ಅತ್ತಿ ಅಂದದ್ದಕ್ಕೆ ಹೂಂ ಅಂದಳು. ನಾನು ನಂಬಿದೆ. ಡಾಕ್ಟರಿಗೂ ಎಲ್ಲಾರೂ ತಗೊಂಡೀವ್ರಿ ಅಂತ ಹೇಳಿ ಬಂದೆ. ಹುಳವೇ ಇಲ್ಲದ ಮೇಲೆ ಮಣ್ಣು ಬರೀ ಮಣ್ಣು ಅಂದುಕೊಂಡು ಹಕ್ಕರಕಿಯ ಮೇಲಿನ ಸಿಟ್ಟನ್ನು ಬಿಟ್ಟುಬಿಟ್ಟೆ, ನಾನೂ ತಿಂದೆ.

ಐವತ್ತೆಂಟು. ಇನ್ನೇನು. ಇವತ್ತು ಬೆಳಿಗ್ಗೆ ಕರಿಮೆಣಸು ಮುಗಿದಿತ್ತು, ಅಷ್ಟೇ ಆದದ್ದು. ಅತ್ತೆ ಕೆಮ್ಮಿಗೆಂದು ನಾಲ್ಕು ಕಾಳು ಟ್ರಂಕಿನ ಮೇಲಿನ ತಗಡಿನ ಡಬ್ಬಿಯಲ್ಲಿ ಇಟ್ಟಿರುತ್ತಾಳೆ, ಅವಳು ಕಾಲುವೆ ದಂಡೆಗೆ ಹೋಗಿದ್ದಳು, ತೆಗೆದೆ, ಲವಂಗ, ಒಣಗಿದ ಜಾಜಿಕಾಯಿ, ದಾರ ಹರಿದ ತಾಯಿತ, ತಳದಲ್ಲಿ ಬೆಳ್ಳಿಬಣ್ಣದ ಪಟ್ಟಿ. ನಾಲ್ಕು ಗುಳಿಗೆ, ನಾಲ್ಕೂ ಭದ್ರ, ಒಂದನ್ನೂ ಒಡೆದಿಲ್ಲ. ಅಂಚು ಸೊಟ್ಟ. ನನ್ನದೇ ಕತ್ತರಿ. ಆರು ವರ್ಷ. ಅವಳ ಹೊಟ್ಟೆಯಲ್ಲಿ ಹುಳ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಸುಳ್ಳು ಯಾಕೆ ಹೇಳಲಿ, ಆದರೆ ಗುಳಿಗೆ ನುಂಗಿಲ್ಲ ಎಂಬುದು ಗೊತ್ತು, ಆ ಕೈಯಿಂದ ದಿನಕ್ಕೆರಡು ಹೊತ್ತು ಹಸಿ ತಪ್ಪಲ ನನ್ನ ಗಂಡನ ಬಾಯಿಗೆ ಹೋಗಿದೆ ಎಂಬುದು ಗೊತ್ತು. ಗಡಿಗೆಗೆ ಕಾನೂನು, ಸೌಟಿಗೆ ಕಾನೂನು, ನನ್ನ ಕೈಗೆ ಕಾನೂನು, ಅವಳ ಕೈಗೆ ಯಾವ ಕಾನೂನೂ ಇಲ್ಲ. ನಾಳೆ ಅವನು ಮತ್ತೆ ಗೇಟಿನ ಮೇಲೆ ಹೋಗುತ್ತಾನೆ. ಮೂರು ವರ್ಷ ಫಿಟ್ಸ್ ಬಂದಿಲ್ಲ, ಮಾತ್ರೆ ನಿಲ್ಲಿಸಿದ್ದಾರೆ, ಬಿದ್ದಮೇಲೆ ಆಫೀಸಿನವರು ಕೂರಿಸಿದ್ದ ಹಳೆಯ ಫೈಲುಗಳ ಕೋಣೆಯಿಂದ ಬಿಡುಗಡೆ, ಅದರ ಖುಷಿಗೆ ಅವನೇ ಅಲ್ಲವೇ ಅಂದದ್ದು, ಅಂಜನಾ, ಐತವಾರ ಹಂದಿ ಖಂಡಾ ನೀನ ಮಾಡು, ಅವ್ವಗ ನಾ ಹೇಳ್ತೀನಿ. ನಾಳೆ ಇನ್ನೊಂದು ಚುಕ್ಕೆ ಎದ್ದರೆ, ನಾಳೆ ಪರಮಣ್ಣ ಪಕ್ಕದಲ್ಲಿ ಇರದಿದ್ದರೆ. ಬೆಳಿಗ್ಗೆಯೇ ಹೇಳಬಹುದಿತ್ತು. ಹೇಳಲಿಲ್ಲ. ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮೊದಲು ಅವನು ನಾನು ಬೇಯಿಸಿದ ಖಂಡ ತಿನ್ನಲಿ, ಚಲೋ ಆಗೈತಿ ಅನ್ನಲಿ, ಆ ಮಾತು ಅತ್ತೆಯ ಕಿವಿಗೆ ಬೀಳಲಿ, ಸವಿತಾ ಕೇಳಲಿ, ಆಮೇಲೆ ಗಂಟು ಬಿಚ್ಚುತ್ತೇನೆ ಅಂದುಕೊಂಡೆ. ನನಗೂ ಒಂದು ದಿನ ಬೇಕಿತ್ತು.

ಅರವತ್ತಮೂರು. ಇಳಿಸಿದೆ. ನಾಲ್ಕನ್ನೂ ತಟ್ಟೆಗೆ ಹಾಕಿ ಮುಚ್ಚಿದೆ, ಐದು ನಿಮಿಷ ಮುಟ್ಟಬಾರದು, ರಸ ಒಳಗೇ ನಿಲ್ಲಬೇಕು, ಐದ್ ನಿಮಿಷ ತಡೀರಿ ಅಂದೆ, ಯಾರು ತಡೆಯುತ್ತಾರೆ, ಆರು ವರ್ಷ ನಾನೊಬ್ಬಳೇ ತಡೆದದ್ದು. ಅತ್ತೆ ದಂಡೆಯಿಂದ ಬಂದಳು, ಉಡಿ ಉಬ್ಬಿದೆ, ಕೂತಳು, ಹಣಮೇಶ ಕೂತ, ಸವಿತಾ ಮುಚ್ಚಳ ಎಳೆದು ಚೂರಿ ತಗೊಂಡು ನಡುವಿನ ತುಂಡಿಗೆ ಹಾಕಿಯೇ ಬಿಟ್ಟಳು, ರಸ ತಟ್ಟೆಯ ತುಂಬ ಹರಿಯಿತು, ನಿಲ್ಲಬೇಕಾದ ರಸ. ಒಳಗೆ ತುಸು ಗುಲಾಬಿ, ಹಾಗೇ ಇರಬೇಕು, ಮೆತ್ತಗೆ, ಹೊಳೆಯುತ್ತ, ಎಂಥ ಚಂದ ಬೆಂದಿದೆ. ನೋಡವ್ವಾ ನೋಡು, ಇನ್ನಾ ನೆತ್ತರಾ ಐತಿ ಅಂದಳು ಸವಿತಾ. ಅದು ನೆತ್ತರಲ್ಲ, ರಸಾ ಅದು, ಬೆಂದೈತಿ, ಮಷಿನ್ ನೋಡು ಅಂದೆ, ಮಷಿನ್ ತಿಂತೈತೇನು ಅಂದಳು. ಅತ್ತೆ ತುಂಡನ್ನು ಬೆರಳಿಂದ ತಿವಿದು, ಮತ್ತ ಅದ ಮಾಡ್ಯಾಳ, ಆರು ವರ್ಸಾದ್ರೂ ಬುದ್ಧಿ ಬಂದಿಲ್ಲ, ಹಣಮ್ಯಾ, ಅದನ್ನ ಮುಟ್ಟಬ್ಯಾಡ. ನಾನು ಅವನನ್ನು ನೋಡಿದೆ. ತಿನ್ನು. ಒಂದು ಚೂರು ತಿನ್ನು. ಮೂಗಿಗೆ ವಾಸನೆ ಹೋಗಿದೆ, ಬಾಯಲ್ಲಿ ನೀರು ಬಂದದ್ದು ಗಂಟಲಲ್ಲಿ ಕಾಣುತ್ತಿದೆ, ಕೈ ತಟ್ಟೆಯವರೆಗೆ ಬಂತು, ನಿಂತಿತು, ಅವ್ವನ ಮುಖ ನೋಡಿದ, ತಟ್ಟೆಯನ್ನು ಎರಡು ಬೆರಳಿಂದ ನನ್ನ ಕಡೆಗೆ ದೂಡಿದ. ಇನ್ನೊಂದ್ ಸ್ವಲ್ಪ ಸುಟ್ಟಬಿಡು ಅಂಜನಾ, ಏನಾಗತೈತಿ.

ಏನಾಗುತ್ತದೆ. ಏನೂ ಆಗುವುದಿಲ್ಲ. ಅಟ್ಟೆಯಾಗುತ್ತದೆ. ಅಲ್ಲಿತನಕ ರೊಟ್ಟಿ ತಿನ್ನೋ ಯಪ್ಪಾ, ಹಸದ ಕುಂದ್ರಬ್ಯಾಡ ಅಂದಳು ಅತ್ತೆ, ಉಡಿಗೆ ಕೈ ಹಾಕಿದಳು, ಹಕ್ಕರಕಿ, ಬೇರಿನ ಮಣ್ಣನ್ನು ಸೆರಗಿಗೆ ಒರೆಸಿದಳು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಚಾಚಿದಳು, ಅವನು ಅಂಗೈ ಒಡ್ಡಿದ, ನನ್ನ ಗಂಟು ಬಿಚ್ಚುತ್ತಿಲ್ಲ, ಬಿಗಿಯಾಗಿದೆ, ಹಲ್ಲಿನಿಂದ ಕಚ್ಚಿ ಎಳೆದೆ, ಪಟ್ಟಿ ರೊಟ್ಟಿಬುಟ್ಟಿಯ ಮುಂದೆ ಬಿತ್ತು, ನಾಲ್ಕೂ ಗುಳಿಗೆ ಬಿಸಿಲಿಗೆ ಮಿಂಚಿದವು. ಇದ್ಯಾರ ಪಾಲಿಂದ್ರಿ ಅತ್ತಿ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸವಿತಾಳ ಕಾಲು ನಿಂತಿತು. ನಿಮ್ಮ ಡಬ್ಬ್ಯಾಗ ಸಿಕ್ಕಾವು, ಆರು ವರ್ಸದಿಂದ ಅಲ್ಲೇ ಅದಾವು, ನುಂಗೀನಿ ಅಂದಿದ್ರಿ, ಆ ಕೈಲಿಂದ ಇವರಿಗಿ ಹಸಿ ತಪ್ಪಲಾ ತಿನಸಾಕತ್ತೀರಿ, ನಾಳಿ ಇವರು ಗೇಟಿನ ಮ್ಯಾಲ ನಿಂದ್ರೋರು. ಅತ್ತೆ ಪಟ್ಟಿಯನ್ನು ನೋಡಿದಳು, ಮಗನನ್ನು ನೋಡಿದಳು, ನನ್ನ ಹೊಟ್ಟ್ಯಾಗ ಹುಳಾ ಇಲ್ಲ, ಅದು ಹೊಲಸ್ ಮಂದಿಗಿ ಕೊಟ್ಟ ಗುಳಿಗಿ, ನಾ ಯಾಕ ನುಂಗಲಿ ಅಂದಳು, ಅವಳು ಸುಳ್ಳು ಹೇಳುತ್ತಿಲ್ಲ, ನಂಬಿದ್ದಾಳೆ, ಪೂರ್ತಿ ನಂಬಿದ್ದಾಳೆ, ಗುಳಿಗೆ ನುಂಗಿದ್ದರೆ ತಪ್ಪು ತನ್ನದೆಂದು ಒಪ್ಪಿದಂತಾಗುತ್ತಿತ್ತು, ಅಷ್ಟಕ್ಕೇ ನುಂಗಿಲ್ಲ. ಹಣಮೇಶನಿಗೆ ಎಲ್ಲ ಕೇಳಿಸಿದೆ, ತಿಳಿದಿದೆ, ಕಣ್ಣು ಪಟ್ಟಿಯ ಮೇಲಿದೆ, ಆದರೆ ಒಡ್ಡಿದ ಅಂಗೈ ಒಡ್ಡಿಯೇ ಇದೆ, ಹಿಂದಕ್ಕೆ ಎಳೆದುಕೊಂಡಿಲ್ಲ, ಎಳೆದುಕೋ, ಎಳೆದುಕೊಳ್ಳಿರಿ, ಅದರ ಮೇಲೆ ಅವಳ ಕೈ, ಉಗುರಲ್ಲಿ ಕರಿಮಣ್ಣು, ಸೆರಗಿಗೆ ಒರೆಸಿದ ಹಕ್ಕರಕಿ, ನಾಲ್ಕು ಎಲೆ, ಒಂದು ಬಿಳಿ ಬೇರು — ಆ ಕೈ, ಈ ಅಂಗೈ, ನಡುವೆ ಒಂದು ಗೇಣು — ಆ ಕೈ, ಉಗುರಲ್ಲಿ ಕರಿಮಣ್ಣು — ಆ ಕೈ